ಮರೆವಿನ ಕಾಯಿಲೆಯುಳ್ಳ ಹಿರಿಯರ ದಿನನಿತ್ಯದ ಆರೈಕೆಗೆ ಮನೆಯಲ್ಲೇ ಯೋಜನೆ ರೂಪಿಸುವ ಬಗೆ

ಸ್ನಾನ ಮಾಡುವುದು ನಮಗೆ ಒಂದೇ ಕೆಲಸವಾಗಿ ಕಾಣುತ್ತದೆ. ಬಿಡಿಸಿ ನೋಡಿದರೆ ಅದರೊಳಗೆ ಹತ್ತಾರು ಸಣ್ಣ ಕೆಲಸಗಳಿವೆ: ಬಚ್ಚಲಿಗೆ ಹೋಗಬೇಕೆಂಬುದು ನೆನಪಾಗಬೇಕು, ಟವೆಲು ತೆಗೆದುಕೊಳ್ಳಬೇಕು, ಅಂಗಿಯ ಗುಂಡಿ ಬಿಚ್ಚಬೇಕು, ತಣ್ಣೀರಿಗೆ ಬಿಸಿನೀರು ಬೆರೆಸಬೇಕು, ತಂಬಿಗೆ ಎತ್ತಬೇಕು, ಹಚ್ಚಿದ ಸೋಪನ್ನು ತೊಳೆದುಕೊಳ್ಳಬೇಕೆಂಬುದು ತಿಳಿದಿರಬೇಕು. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಬಂದವರಲ್ಲಿ ನೆನಪಿನ ಜೊತೆಗೆ ಈ ಕೆಲಸಗಳನ್ನು ಸರದಿಯಂತೆ ಹೊಂದಿಸಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಆದ್ದರಿಂದಲೇ "ಜಳಕ ಮಾಡಿ ಬಾ" ಎಂದಾಗ ಅವರು ಸುಮ್ಮನೆ ನಿಂತುಬಿಡುತ್ತಾರೆ, ಇಲ್ಲವೇ "ಆಗಳೇ ಆತು" ಎಂದುಬಿಡುತ್ತಾರೆ. ಮನೆಯವರಿಗೆ ಇದು ಹಟವೆಂದು ತೋರುತ್ತದೆ. ಎಲ್ಲಿಂದ ಆರಂಭಿಸಬೇಕೆಂಬುದೇ ಆ ಹಿರಿಯರಿಗೆ ಹೊಳೆಯುತ್ತಿರುವುದಿಲ್ಲ.

ಆದರೆ ವರ್ಷಗಟ್ಟಲೆ ಮಾಡಿ ಮಾಡಿ ಕೈಗೆ ಕೂತ ರೂಢಿಗಳು ಮಿಕ್ಕ ನೆನಪುಗಳಿಗಿಂತ ಹೆಚ್ಚು ಕಾಲ ಉಳಿಯುತ್ತವೆ. ಮಗನ ಹೆಸರು ಮರೆತ ತಾಯಿಯ ಮುಂದೆ ಹಿಟ್ಟಿನ ಮುದ್ದೆ ಇಟ್ಟರೆ ರೊಟ್ಟಿ ಬಡಿಯಲು ಕೈ ತಾನಾಗಿ ಮುಂದಾಗುವುದುಂಟು. ದಿನದ ಆರೈಕೆಯ ಯೋಜನೆಯನ್ನು ಈ ರೂಢಿಯ ಮೇಲೆ ಕಟ್ಟಬೇಕು, ಆರೈಕೆ ಮಾಡುವವರ ಅನುಕೂಲ ಅದರ ನಂತರದ್ದು. ರಾಯಚೂರು, ಕೊಪ್ಪಳ, ಬಳ್ಳಾರಿಯ ಮನೆಗಳ ನೀರು, ಬಚ್ಚಲು, ಅಡುಗೆ, ನಾಚಿಕೆ, ಬಿಸಿಲು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅದನ್ನು ಹೇಗೆ ಮಾಡಬಹುದೆಂಬುದನ್ನು ಮುಂದೆ ಒಂದೊಂದಾಗಿ ವಿವರಿಸಿದ್ದೇನೆ.

ಮೊದಲು ವೈದ್ಯರ ಮಾತು

"ವಯಸ್ಸಾತು, ಅರಳು ಮರಳು" ಎಂದು ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ. ಥೈರಾಯ್ಡ್ ತೊಂದರೆ, ಬಿ12 ವಿಟಮಿನ್ ಕೊರತೆ, ಖಿನ್ನತೆ ಹಾಗೂ ಕೆಲವು ಮಾತ್ರೆಗಳ ಪರಿಣಾಮದಿಂದಲೂ ಮರೆವು ಹೆಚ್ಚುತ್ತದೆ, ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಈ ಮೂರೂ ಸರ್ಕಾರಿ ಆಸ್ಪತ್ರೆಗಳೇ ಆಗಿರುವುದರಿಂದ ತಪಾಸಣೆಗಾಗಿ ಕೂಡಲೇ ಬೆಂಗಳೂರಿಗೆ ಓಡಬೇಕಾದ ಅಗತ್ಯ ಬಹಳ ಮನೆಗಳಿಗೆ ಇರುವುದಿಲ್ಲ. ಕಣ್ಣು ಮತ್ತು ಕಿವಿಯನ್ನೂ ಅದೇ ಸುತ್ತಿನಲ್ಲಿ ಪರೀಕ್ಷೆ ಮಾಡಿಸಿರಿ. ಪೊರೆ ಬಂದ ಕಣ್ಣಿಗೆ ಬಚ್ಚಲಿನ ನೀರು ಎಷ್ಟು ಆಳವಿದೆಯೆಂದು ತಿಳಿಯದೆ ಭಯವಾಗುತ್ತದೆ, ಆ ಭಯವೂ ಕಾಯಿಲೆಯ ಲೆಕ್ಕಕ್ಕೇ ಸೇರಿಬಿಡುತ್ತದೆ.

ಇನ್ನೊಂದು ವಿಷಯವನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಹೆಚ್ಚುತ್ತದೆ. ನಿನ್ನೆಯವರೆಗೆ ತಾವೇ ಉಣ್ಣುತ್ತಿದ್ದವರು ಇಂದು ಇದ್ದಕ್ಕಿದ್ದಂತೆ ಹೆಚ್ಚು ಗಲಿಬಿಲಿಗೊಂಡರೆ ಅಥವಾ ಮಂಪರಿಗೆ ಜಾರಿದರೆ ಮೂತ್ರದ ಸೋಂಕು, ನ್ಯುಮೋನಿಯಾ, ದೇಹದಲ್ಲಿ ನೀರು ಕಡಿಮೆಯಾಗಿರುವುದು, ಮಲಬದ್ಧತೆ ಅಥವಾ ನೋವು ಇದಕ್ಕೆ ಕಾರಣವಾಗಿರಬಹುದು. ಅಂಥ ದಿನ ಯೋಜನೆಯ ಹಾಳೆಯನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಒಂದು ವಾರ ಗಮನಿಸಿ ಬರೆಯಿರಿ

ಒಂದು ನೋಟುಪುಸ್ತಕ ತೆಗೆದುಕೊಂಡು ಒಂದು ವಾರ ಏನನ್ನೂ ಬದಲಿಸದೆ ನೋಡಿದ್ದನ್ನು ಬರೆಯುತ್ತ ಹೋಗಿ. ಎಷ್ಟು ಗಂಟೆಗೆ ಎದ್ದರು, ಎದ್ದ ಕೂಡಲೇ ಎಲ್ಲಿಗೆ ಹೋದರು, ಯಾವ ಹೊತ್ತಿನಲ್ಲಿ ಮುಖದಲ್ಲಿ ಗೆಲುವಿತ್ತು, ಯಾವಾಗ ಸಿಡುಕಿದರು, ಮೂತ್ರಕ್ಕೆ ಎಷ್ಟು ಹೊತ್ತಿಗೊಮ್ಮೆ ಹೋದರು, ಬಟ್ಟೆ ಯಾವಾಗ ಒದ್ದೆಯಾಯಿತು, ಇವೆಲ್ಲ ಗಂಟೆಯ ಸಮೇತ ದಾಖಲಾಗಲಿ. ಅನೇಕರಿಗೆ ಹೊತ್ತು ಮುಳುಗುವ ವೇಳೆಯಲ್ಲಿ ಚಡಪಡಿಕೆ ಹೆಚ್ಚುತ್ತದೆ. ನಿಮ್ಮ ಪುಸ್ತಕದಲ್ಲೂ ಅದೇ ಕಂಡುಬಂದರೆ ಸ್ನಾನ, ಉಗುರು ಕತ್ತರಿಸುವುದು, ಗಡ್ಡ ತೆಗೆಯುವುದು ಮುಂತಾದ ಮೈಮುಟ್ಟುವ ಕೆಲಸಗಳನ್ನು ಸಂಜೆಗೆ ಇಡಬಾರದು.

ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ಅವರ ಹಳೆಯ ರೂಢಿಗಳನ್ನು ಬರೆದಿಡಿ. ಇದನ್ನು ಬಲ್ಲವರು ಹೆಂಡತಿ, ತಂಗಿ, ಓರಗೆಯ ಗೆಳೆಯರು. ಹಲ್ಲುಜ್ಜಲು ಬೇವಿನ ಕಡ್ಡಿಯೋ ಬ್ರಷ್ಷೋ, ಸ್ನಾನ ಚಹಾಕ್ಕೆ ಮುಂಚೆಯೋ ನಂತರವೋ, ತಲೆಗೆ ಎಣ್ಣೆ ಯಾವ ವಾರ, ಧೋತರವೋ ಲುಂಗಿಯೋ, ಎಲೆ ಅಡಿಕೆಯ ಅಭ್ಯಾಸವಿತ್ತೋ ಎಂಬಿವು ಚಿಕ್ಕ ಸಂಗತಿಗಳಾಗಿ ಕಂಡರೂ ಆರೈಕೆಯ ಬಾಗಿಲು ತೆರೆಯುವುದು ಇಲ್ಲಿಯೇ. ಇಷ್ಟಲಿಂಗ ಪೂಜೆ ಮಾಡಿಕೊಂಡು ಬಂದ ಹಿರಿಯರಿಗೆ ವಿಭೂತಿಯ ಗಟ್ಟಿ ಮತ್ತು ಮಡಿಬಟ್ಟೆಯನ್ನು ಕಣ್ಣಿಗೆ ಕಾಣುವಂತೆ ಇಟ್ಟರೆ, ಪೂಜೆಗೆ ಮುಂಚೆ ಜಳಕವೆಂಬುದು ಹೇಳದೆಯೇ ನೆನಪಾಗುವುದುಂಟು. ನಮಾಜಿಗೆ ಮುಂಚೆ ವಜೂ ಮಾಡುತ್ತ ಬಂದವರಿಗೆ ಕೈ, ಬಾಯಿ, ಮುಖ, ಕಾಲು ತೊಳೆಯುವ ಕ್ರಮ ಜೀವಮಾನದ ಅಭ್ಯಾಸವಾಗಿರುವುದರಿಂದ, ದಿನದ ಶುಚಿತ್ವದ ಬಹುಪಾಲು ಅದರಲ್ಲೇ ನಡೆದುಹೋಗುತ್ತದೆ. ಜಾರದ ನೆಲ ಮತ್ತು ಕೂರಲು ಒಂದು ಗಟ್ಟಿ ಕುರ್ಚಿ ಒದಗಿಸಿದರೆ ಸಾಕು.

ಭಾಷೆಯನ್ನೂ ಬರೆದಿಡಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕ್ಯಾಂಪುಗಳಲ್ಲಿ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಲ್ಲಿ, ಮನೆಮಾತು ತೆಲುಗಾಗಿದ್ದು ಹೊರಗೆ ಕನ್ನಡ ಆಡಿಕೊಂಡು ಬಂದ ಹಿರಿಯರು ಬಹಳ ಜನರಿದ್ದಾರೆ, ರಾಯಚೂರು ಪಟ್ಟಣದಲ್ಲಿ ಉರ್ದು ಮನೆಮಾತಿನವರಿದ್ದಾರೆ. ಕಾಯಿಲೆ ಮುಂದುವರಿದಂತೆ ನಂತರ ಕಲಿತ ಭಾಷೆ ಮೊದಲು ಮಸುಕಾಗಿ, ಬಾಲ್ಯದ ಮಾತು ಉಳಿಯುವ ಸಂಭವ ಹೆಚ್ಚು. ಸೂಚನೆಗಳನ್ನು ಆ ಮಾತಿನಲ್ಲೇ ಕೊಡಬೇಕು.

ಯಾರು ಮಾಡಬೇಕೆಂಬ ಪ್ರಶ್ನೆ

ಇದರ ಬಗ್ಗೆ ಮನೆಗಳಲ್ಲಿ ಬಾಯಿಬಿಟ್ಟು ಮಾತಾಡುವುದಿಲ್ಲ, ಮಾತಾಡದೆ ಇರುವುದರಿಂದಲೇ ಎಲ್ಲವೂ ಸೊಸೆಯ ಮೇಲೆ ಬಂದು ಬೀಳುತ್ತದೆ. ನಮ್ಮ ಕಡೆ ಮಾವನ ಮುಂದೆ ಸೆರಗು ಹೊದ್ದು ಓಡಾಡಿದ ಸೊಸೆ, ಅದೇ ಮಾವನಿಗೆ ಸ್ನಾನ ಮಾಡಿಸಬೇಕಾಗಿ ಬಂದಾಗ ಇಬ್ಬರಿಗೂ ಆಗುವ ಸಂಕೋಚ ಸಣ್ಣದಲ್ಲ. ಕಾಯಿಲೆಯಿಂದ ಹೆಸರು ಮುಖ ಮರೆತವರಿಗೂ ನಾಚಿಕೆ ಉಳಿದಿರುತ್ತದೆ. ತಾಯಿ ಮಗನನ್ನು ಗುರುತಿಸದೆ, ಯಾರೋ ಗಂಡಸು ತನ್ನ ಸೀರೆಗೆ ಕೈ ಹಾಕಿದನೆಂದು ಕಿರುಚಿಕೊಂಡರೆ ಆಕೆಯ ಮಟ್ಟಿಗೆ ಅದು ಸರಿಯಾದ ಪ್ರತಿಕ್ರಿಯೆಯೇ.

ಹೀಗಾಗಿ ಯೋಜನೆಯಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಇರಲಿ. ಸಾಧ್ಯವಾದಷ್ಟು ಗಂಡಸರ ಸ್ನಾನ ಶೌಚಕ್ಕೆ ಗಂಡುಮಕ್ಕಳು, ಹೆಂಗಸರಿಗೆ ಹೆಣ್ಣುಮಕ್ಕಳು ನಿಲ್ಲಲಿ. ಮಗ ಹೊಲಕ್ಕೋ ಡ್ಯೂಟಿಗೋ ಹೋಗುವ ಮುಂಚೆ ತಂದೆಗೆ ಸ್ನಾನ ಮುಗಿಸಿ ಹೋಗುವಂತೆ ವೇಳೆಯನ್ನು ಹೊಂದಿಸಬಹುದು. ಸೊಸೆಯೇ ಮಾಡಬೇಕಾದ ಮನೆಯಲ್ಲಿ ಸೊಂಟದ ಮೇಲೆ ಟವೆಲು ಅಥವಾ ಹಳೆ ಲುಂಗಿ ಹೊದಿಸಿಯೇ ಇಟ್ಟು, ತೊಳೆಯುವ ಭಾಗವನ್ನಷ್ಟೇ ತೆರೆದು, ಆ ಭಾಗವನ್ನು ಅವರೇ ತೊಳೆದುಕೊಳ್ಳುವಂತೆ ಕೈಗೆ ಬಟ್ಟೆ ಕೊಡಬೇಕು. ದಿನಕ್ಕೊಬ್ಬರು ಬದಲಾಗುವುದಕ್ಕಿಂತ ಒಂದು ಕೆಲಸಕ್ಕೆ ಒಬ್ಬರೇ ಇರುವುದು ಒಳ್ಳೆಯದು, ಏಕೆಂದರೆ ಮುಖ ಮರೆತರೂ ಕೈಯ ರೀತಿ ಪರಿಚಿತವಾಗುತ್ತದೆ.

ಬಚ್ಚಲು ಮತ್ತು ಸ್ನಾನ

ಮೊದಲು ಜಾಗವನ್ನು ಸಿದ್ಧಪಡಿಸಿ. ಒಳಗಿನ ಚಿಲಕವನ್ನು ತೆಗೆದುಹಾಕಿ, ಇಲ್ಲವಾದರೆ ಅವರು ಒಳಗೆ ಸಿಕ್ಕಿಕೊಂಡ ದಿನ ಬಾಗಿಲು ಮುರಿಯಬೇಕಾಗುತ್ತದೆ. ನಮ್ಮ ಕಡೆಯ ಹಳೆ ಬಚ್ಚಲುಗಳ ಕಲ್ಲುಹಾಸು ಪಾಚಿಗಟ್ಟಿ ಜಾರುತ್ತದೆ, ಅದನ್ನು ಉಜ್ಜಿ ತೊಳೆದು ರಬ್ಬರ್ ಮ್ಯಾಟ್ ಹಾಸಬೇಕು. ಗೋಡೆಗೆ ಹಿಡಿಕೆ ಹಾಕಿಸಿ. ನಲ್ಲಿಯನ್ನಾಗಲಿ ಟವೆಲಿನ ಸರಳನ್ನಾಗಲಿ ಹಿಡಿದು ಏಳುವುದನ್ನು ನೆಚ್ಚಬಾರದು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಏಳುವುದು ಅಪಾಯವಾದ್ದರಿಂದ ಬೆನ್ನು ಮತ್ತು ಕೈಗಳಿರುವ ಗಟ್ಟಿಯಾದ ಪ್ಲಾಸ್ಟಿಕ್ ಕುರ್ಚಿಯನ್ನು ಇಡಿ. ಕನ್ನಡಿಯಲ್ಲಿ ತಮ್ಮದೇ ಬಿಂಬವನ್ನು ಕಂಡು ಒಳಗೆ ಬೇರೆ ಯಾರೋ ಇದ್ದಾರೆಂದು ಹಿಂಜರಿಯುವವರಿದ್ದರೆ ಕನ್ನಡಿಗೆ ಬಟ್ಟೆ ಹೊದಿಸಿ.

ನಲ್ಲಿಯ ನೀರು ಕೆಲವು ದಿನಗಳಿಗೊಮ್ಮೆ ಬರುವ ಓಣಿಯಲ್ಲಿ ನೀರು ಬಂದ ಗದ್ದಲದ ಹೊತ್ತಿಗೇ ಹಿರಿಯರ ಸ್ನಾನವನ್ನೂ ಮುಗಿಸುವ ಅವಸರ ಬೇಡ. ಆ ಹೊತ್ತಿನಲ್ಲಿ ಕೊಡಗಳ ಸಪ್ಪಳ, ಕೂಗಾಟ, ಓಡಾಟ ಅವರನ್ನು ಇನ್ನಷ್ಟು ಕಂಗೆಡಿಸುತ್ತವೆ. ಎರಡು ಬಕೀಟು ನೀರನ್ನು ಅವರಿಗೆಂದೇ ತುಂಬಿಟ್ಟುಕೊಳ್ಳಿ.

ಬಕೀಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಹಂಡೆಯ ಬಿಸಿನೀರು ಬೆರೆಸಬೇಕು. ಈ ಸರದಿ ಎಂದೂ ತಪ್ಪಬಾರದು. ಕಾಯಿಲೆಯಿಂದಾಗಿ ಬಿಸಿ ಎಷ್ಟೆಂಬುದು ಅವರಿಗೆ ಸರಿಯಾಗಿ ತಿಳಿಯದಿರಬಹುದು, ತಿಳಿದರೂ ಹೇಳಲಾಗದಿರಬಹುದು. ನಿಮ್ಮ ಮೊಣಕೈಯನ್ನು ನೀರಿನಲ್ಲಿಟ್ಟು ನೋಡಿ, ಉಗುರು ಬೆಚ್ಚಗಿದ್ದರೆ ಸಾಕು. ಸೋಪು, ಟವೆಲು, ಒಣ ಬಟ್ಟೆ, ಎಣ್ಣೆ ಎಲ್ಲವೂ ಕೈಗೆಟಕುವಲ್ಲಿ ಇದ್ದ ಮೇಲೆಯೇ ಅವರನ್ನು ಕರೆಯಿರಿ. ಒದ್ದೆ ಮೈಯಲ್ಲಿ ಅವರನ್ನು ಒಬ್ಬರೇ ಬಿಟ್ಟು ಟವೆಲು ತರಲು ಹೋದ ಆ ಅರೆ ನಿಮಿಷದಲ್ಲೇ ಬೀಳುವ ಅಪಾಯ ಹೆಚ್ಚು.

ಕರೆಯುವ ಮಾತು ಪ್ರಶ್ನೆಯಾಗಿರಬಾರದು. "ಜಳಕ ಮಾಡ್ತೀರೇನ್ರಿ?" ಎಂದರೆ ಬರುವ ಉತ್ತರ "ಬ್ಯಾಡ" ಎಂದೇ. "ಅಪ್ಪಾ, ನೀರು ಕಾದಾವ, ಬರ್ರಿ ಕಾಲು ತೊಳಕೊಳ್ರಿ" ಎಂದು ಕೈಹಿಡಿದು ಕರೆದರೆ ಹೊಲದಿಂದ ಬಂದು ಕಾಲು ತೊಳೆದ ದಿನಗಳ ಅಭ್ಯಾಸ ಅವರನ್ನು ಎಬ್ಬಿಸುತ್ತದೆ. ಕಾಲಿನಿಂದಲೇ ಆರಂಭಿಸಿ. ಪಾದಕ್ಕೆ ಒಂದು ತಂಬಿಗೆ, ಮೊಣಕಾಲಿಗೆ ಒಂದು, ಆಮೇಲೆ ಕೈ, ಬೆನ್ನು, ಎದೆ. ತಲೆ ಎಲ್ಲಕ್ಕೂ ಕೊನೆಗೆ. ಕಣ್ಣು ಮುಚ್ಚಿಸುವ ಹಾಗೆ ತಲೆಯ ಮೇಲೆ ಹಠಾತ್ತನೆ ಬೀಳುವ ನೀರು ಅವರಿಗೆ ಮುಳುಗಿದಂಥ ದಿಗಿಲು ಹುಟ್ಟಿಸುತ್ತದೆ. ತಲೆಸ್ನಾನವನ್ನೇ ಬೇರೆ ದಿನಕ್ಕೆ ಇಟ್ಟುಕೊಂಡರೂ ತಪ್ಪಿಲ್ಲ. ತಂಬಿಗೆಯನ್ನು ಅವರ ಕೈಗೇ ಕೊಟ್ಟು, ಅವರ ಕೈಯ ಕೆಳಗೆ ನಿಮ್ಮ ಕೈ ಇಟ್ಟು ಮೊದಲ ಸಲ ಎತ್ತಿಸಿ. ಮುಂದಿನ ಸಲ ಅವರು ತಾವಾಗಿ ಎತ್ತಿಕೊಂಡರೆ ನಿಮ್ಮ ಕೈಯನ್ನು ಹಿಂದಕ್ಕೆ ತೆಗೆಯಿರಿ. ನಿಧಾನವಾದರೂ ಅವರಿಂದ ಆಗುವುದನ್ನು ಅವರೇ ಮಾಡಬೇಕು, ಮಾಡದೆ ಬಿಟ್ಟ ಕೆಲಸ ಬೇಗ ಮರೆತುಹೋಗುತ್ತದೆ.

ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. "ಕೈ ಎತ್ತರಿ" ಎಂದು ಹೇಳಿ ಎತ್ತುವವರೆಗೆ ಕಾಯಿರಿ. ಮಾತು ಕಿವಿಯಿಂದ ಮಿದುಳಿಗೆ ತಲುಪಿ ಕೈಗೆ ಬರಲು ಅವರಿಗೆ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಇನ್ನೊಬ್ಬರು ಹೊರಗಿನಿಂದ ಇನ್ನೇನೋ ಹೇಳಿದರೆ ಎರಡೂ ಕಳೆದುಹೋಗುತ್ತವೆ.

ಎಲ್ಲರಿಗೂ ದಿನವೂ ಪೂರ್ತಿ ಸ್ನಾನ ಬೇಕೆಂದಿಲ್ಲ. ವಾರಕ್ಕೆ ಎರಡು ಮೂರು ಸಲ ಪೂರ್ತಿ ಸ್ನಾನ, ಉಳಿದ ದಿನ ಮುಖ, ಕಂಕುಳು, ತೊಡೆಸಂದು, ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚರ್ಮದ ಆರೋಗ್ಯಕ್ಕೆ ಸಾಕಾಗುತ್ತದೆ. ಆದರೆ ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಮೈ ಬೆವರಿ ಸಂದುಗಳು ಬೇಗ ಕೆಡುವುದರಿಂದ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಒರೆಸುವುದು ಲೇಸು. ಮೈ ಒರೆಸುವಾಗ ತಿಕ್ಕದೆ ಒತ್ತಿ ಒರೆಸಿ, ಬೆರಳ ಸಂದು, ಸ್ತನದ ಕೆಳಭಾಗ, ತೊಡೆಸಂದುಗಳು ಪೂರ್ತಿ ಒಣಗಲಿ. ಇದೇ ಹೊತ್ತಿನಲ್ಲಿ ಟೊಂಕದ ಕೆಳಗಿನ ಮೂಳೆ, ಪೃಷ್ಠ, ಹಿಮ್ಮಡಿ, ಮೊಣಕೈಗಳನ್ನು ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟರೂ ಮಾಸದ ಕೆಂಪು, ಅಥವಾ ಕಪ್ಪು ಮೈಯವರಲ್ಲಿ ಸುತ್ತಲಿಗಿಂತ ಗಾಢವಾದ, ಬಿಸಿಯಾದ ಜಾಗ ಕಂಡರೆ ಅದು ಒತ್ತುಹುಣ್ಣಿನ ಆರಂಭ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಇದೇ ಕಾರಣಕ್ಕೆ.

ಶೌಚ

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ರೈತರೊಬ್ಬರು ಮನೆಯಲ್ಲಿ ಶೌಚಾಲಯವಿದ್ದರೂ ದಿನಾ ನಸುಕಿನಲ್ಲಿ ಚರಿಗೆ ಹಿಡಿದು ಕಾಲುವೆಯ ದಾರಿ ಹಿಡಿಯುತ್ತಿದ್ದರು. ತಡೆದರೆ ಜಗಳ, ಬಿಟ್ಟರೆ ಕಾಲುವೆಯ ಭಯ. ಮನೆಯವರು ಕೊನೆಗೆ ಕಂಡುಕೊಂಡ ದಾರಿ ಸರಳವಾಗಿತ್ತು: ಅವರು ಏಳುವ ಮುಂಚೆಯೇ ಮಗ ಎದ್ದು, ನೀರು ತುಂಬಿದ ಚರಿಗೆಯನ್ನು ಕೈಗೆ ಕೊಟ್ಟು, ಜೊತೆಯಲ್ಲೇ ಅಂಗಳದಲ್ಲಿ ಒಂದು ಸುತ್ತು ನಡೆದು, ಹಿತ್ತಲಿನ ಶೌಚಾಲಯದ ಬಾಗಿಲಲ್ಲಿ ನಿಲ್ಲಿಸುತ್ತಿದ್ದ. ಚರಿಗೆ, ನಸುಕಿನ ಗಾಳಿ, ನಡಿಗೆ ಮೂರೂ ಇದ್ದವು, ಬದಲಾದದ್ದು ಜಾಗ ಒಂದೇ. ರೂಢಿಯನ್ನು ತಡೆಯದೆ ತಿರುಗಿಸುವುದೆಂದರೆ ಇದು. ಇಂಥವರ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರು ಬರೆದ ಚೀಟಿಯೂ ಸದಾ ಇರಬೇಕು.

ನೋಟುಪುಸ್ತಕದಲ್ಲಿ ಬರೆದಿಟ್ಟ ವೇಳೆಗಳಿಗೆ ಸ್ವಲ್ಪ ಮುಂಚೆ ಕರೆದೊಯ್ಯುವುದೇ ಬಟ್ಟೆ ಒದ್ದೆಯಾಗದಿರಲು ಒಳ್ಳೆಯ ಉಪಾಯ. ವೇಳೆ ಗೊತ್ತಾಗದಿದ್ದರೆ ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ಎದ್ದ ಕೂಡಲೇ, ಊಟವಾದ ಮೇಲೆ ಮತ್ತು ಮಲಗುವ ಮುಂಚೆ ಕರೆದೊಯ್ಯಿರಿ. ಲುಂಗಿ ಎಳೆದಾಡುವುದು, ಮೂಲೆಗೆ ಹೋಗಿ ನಿಲ್ಲುವುದು, ಕೂತಲ್ಲಿ ಕೂರಲಾಗದೆ ಚಡಪಡಿಸುವುದು ಮಾತಿಲ್ಲದ ಸೂಚನೆಗಳು. ಶೌಚಾಲಯದ ಬಾಗಿಲಿಗೆ ಗಾಢ ಬಣ್ಣ ಬಳಿದು ರಾತ್ರಿ ದೀಪ ಉರಿಯಲಿ. ಕರೆಂಟು ಹೋಗುವ ಊರಿನಲ್ಲಿ ಚಾರ್ಜಿಂಗ್ ದೀಪವನ್ನು ಅದೇ ದಾರಿಯಲ್ಲಿ ಇಡಿ. ಬಿಳಿ ಟೈಲ್ಸ್ ಮೇಲೆ ಬಿಳಿ ಕಮೋಡ್ ಅವರ ಕಣ್ಣಿಗೆ ಬೇರ್ಪಟ್ಟು ಕಾಣದಿರಬಹುದು, ಬಣ್ಣದ ಸೀಟು ಹಾಕಿಸಿದರೆ ಕಾಣುತ್ತದೆ.

ಉಚ್ಚೆ ಹೋಗುತ್ತದೆಂದು ನೀರು ಕೊಡುವುದನ್ನೇ ಕಡಿಮೆ ಮಾಡುವ ಮನೆಗಳಿವೆ. ಇದರಿಂದ ಮೂತ್ರ ಗಟ್ಟಿಯಾಗಿ ಸೋಂಕು, ಮಲಬದ್ಧತೆ, ಗಲಿಬಿಲಿ ಮೂರೂ ಹೆಚ್ಚುತ್ತವೆ. ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಿದರೆ ಸಾಕು. ಹೆಂಗಸರನ್ನು ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಡೈಪರ್ ಬಳಸುವುದಾದರೆ ಒದ್ದೆಯಾದಾಗಲೆಲ್ಲ ಬದಲಿಸಿ, ಮಲ ಆದಾಗ ಕೂಡಲೇ ಬದಲಿಸಿ. ರಾತ್ರಿಯದನ್ನು ಮಧ್ಯಾಹ್ನದವರೆಗೆ ಎಳೆಯಬಾರದು. ಬಟ್ಟೆಯಲ್ಲಿ ಆದಾಗ ಮಕ್ಕಳ ಮುಂದೆ ಬೈಯದೆ, ಮೂಗು ಮುಚ್ಚದೆ ಬದಲಿಸಬೇಕು. ಏನಾಯಿತೆಂದು ಅವರಿಗೆ ಮರೆತರೂ ಅವಮಾನವಾದ ಭಾವನೆ ಬಹಳ ಹೊತ್ತು ಉಳಿಯುತ್ತದೆ.

ಬಾಯಿ, ಉಡುಪು, ಉಗುರು

ಹಲ್ಲನ್ನು ಬೆಳಿಗ್ಗೆ ಮತ್ತು ರಾತ್ರಿ ಮೆದು ಬ್ರಷ್ಷಿನಿಂದ ಉಜ್ಜಿಸಿ. ಪೇಸ್ಟ್ ಉಗುಳುವುದು ಮರೆಯುತ್ತಾರಾದ್ದರಿಂದ ಬ್ರಷ್ಷಿಗೆ ಸವರಿದಷ್ಟೇ ಇರಲಿ. ನೀವು ಪಕ್ಕದಲ್ಲಿ ನಿಂತು ನಿಮ್ಮ ಹಲ್ಲನ್ನು ಉಜ್ಜಿಕೊಂಡರೆ ನೋಡಿ ಮಾಡುತ್ತಾರೆ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಿ. ತಂಬಾಕು, ಎಲೆ ಅಡಿಕೆ ಹಾಕಿದ ಬಾಯಿಗಳಲ್ಲಿ ಕೆನ್ನೆಯ ಒಳಭಾಗವನ್ನು ಟಾರ್ಚು ಹಿಡಿದು ನೋಡುತ್ತಿರಬೇಕು; ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ ಇದ್ದರೆ ವೈದ್ಯರಿಗೆ ತೋರಿಸಿ. ಊಟ ಬೇಡವೆನ್ನುವ ಎಷ್ಟೋ ಹಿರಿಯರ ತೊಂದರೆ ನೋಯುವ ಹಲ್ಲಿನಲ್ಲಿರುತ್ತದೆ.

ಬಟ್ಟೆಯನ್ನು ಹಾಕಿಕೊಳ್ಳುವ ಸರದಿಯಲ್ಲೇ ಹಾಸಿಗೆಯ ಮೇಲೆ ಹರಡಿಡಿ, ಆಯ್ಕೆಗೆ ಎರಡೇ ಇರಲಿ. ಇಳಕಲ್ ಸೀರೆಯನ್ನೇ ಉಟ್ಟು ಬಂದ ಅವ್ವನಿಗೆ ನೈಟಿ ಹಾಕಿಸಿದರೆ ಆರೈಕೆ ಸುಲಭವಾಗುತ್ತದೆ, ನಿಜ. ಆದರೆ ಆಕೆ ದಿನವಿಡೀ ಸೆರಗು ಹುಡುಕುತ್ತ ಕೂರುವುದನ್ನು ಕಂಡರೆ ಅದು ಆಕೆಗೆ ಸಲ್ಲದೆಂದು ತಿಳಿಯಬೇಕು. ಹಳೆಯ ಮೆತ್ತನೆಯ ನೂಲಿನ ಸೀರೆಯನ್ನು ಉದ್ದ ಕಡಿಮೆ ಮಾಡಿ, ಎಲಾಸ್ಟಿಕ್ ಹಾಕಿದ ಲಂಗದ ಮೇಲೆ ಉಡಿಸಬಹುದು, ಇಲ್ಲವೇ ನೈಟಿಯ ಮೇಲೆ ಒಂದು ಹೊದಿಕೆಯನ್ನಾದರೂ ಸೆರಗಿನಂತೆ ಹಾಕಬಹುದು. ಲಕ್ವಾ ಹೊಡೆದವರಿಗೆ ತೊಡಿಸುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ.

ಉಗುರನ್ನು ಸ್ನಾನದ ನಂತರ ಮೆತ್ತಗಿರುವಾಗ ಕತ್ತರಿಸಿ. ಸಕ್ಕರೆ ಕಾಯಿಲೆಯವರ ಪಾದಗಳನ್ನು ದಿನವೂ ನೋಡಬೇಕು. ಗಡ್ಡಕ್ಕೆ ಪರಿಚಯದ ಕ್ಷೌರಿಕರೇ ಮನೆಗೆ ಬಂದರೆ ಹಿರಿಯರು ಮನೆಯವರಿಗಿಂತ ಅವರ ಮಾತನ್ನೇ ಹೆಚ್ಚು ಕೇಳುತ್ತಾರೆ.

ಊಟ ಮತ್ತು ನೀರು

ಕೈಯಲ್ಲಿ ಹಿಡಿದು ಮುರಿದು ತಿನ್ನುವ ಜೋಳದ ರೊಟ್ಟಿ ಬಹಳ ಕಾಲ ತಾವೇ ಉಣ್ಣಲು ನೆರವಾಗುತ್ತದೆ. ಅಗಿಯುವುದು ಕಷ್ಟವಾದಾಗ ಬಿಸಿ ರೊಟ್ಟಿಯನ್ನು ಬ್ಯಾಳಿಯಲ್ಲೋ ಹಾಲಿನಲ್ಲೋ ನೆನೆಸಿ, ಮುಂದೆ ನುಚ್ಚು ಮಜ್ಜಿಗೆ, ಮೆತ್ತನೆಯ ಅನ್ನ ಕೊಡಿ. ಕಟಕು ರೊಟ್ಟಿ, ಶೇಂಗಾ ಕಾಳು ದೂರವಿರಲಿ. ನೆಟ್ಟಗೆ ಕೂರಿಸಿ ಉಣಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಪ್ರತಿ ತುತ್ತಿಗೂ ಕೆಮ್ಮು, ನೀರು ಕುಡಿದಾಗ ಗಂಟಲು ಗೊರಗೊರ ಎನ್ನುವುದು, ಬಾಯಲ್ಲೇ ಅನ್ನ ಉಳಿಯುವುದು ಕಂಡರೆ ನುಂಗುವ ತೊಂದರೆ ಶುರುವಾಗಿದೆ ಎಂದರ್ಥ. ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಮುಂಚೆ ವೈದ್ಯರನ್ನು ಕಾಣಿರಿ.

ಬಾಯಾರಿಕೆಯನ್ನು ಅವರು ಹೇಳುವುದಿಲ್ಲ. ಮಾರ್ಚಿನಿಂದ ಜೂನ್ ಆರಂಭದವರೆಗೆ ಗಂಟೆಗೊಮ್ಮೆ ಅರ್ಧ ಲೋಟದಷ್ಟು ನೀರು, ಮಜ್ಜಿಗೆ, ಅಂಬಲಿ ಕೈಗೆ ಕೊಟ್ಟು ಕುಡಿಯುವವರೆಗೆ ಜೊತೆಗಿರಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಎಷ್ಟು ಕೊಡಬೇಕೆಂದು ವೈದ್ಯರಿಂದ ತಿಳಿದುಕೊಳ್ಳಿ.

ಬೇಡವೆಂದು ಕೈ ಕೊಡವಿದಾಗ

ವಾದಿಸಬೇಡಿ, ಎಳೆಯಬೇಡಿ. ಹಿಂದೆ ಸರಿದು, ನೀರು ತಣ್ಣಗಿತ್ತೇ, ಎಲ್ಲಾದರೂ ನೋವಿದೆಯೇ, ಯಾರಾದರೂ ನೋಡುತ್ತಿದ್ದರೇ, ನಾನು ಗಡಿಬಿಡಿ ಮಾಡಿದೆನೇ ಎಂದು ಯೋಚಿಸಿ. ಇಪ್ಪತ್ತು ನಿಮಿಷ ಬಿಟ್ಟು ಬೇರೆ ಮಾತಿನಿಂದ, ಬೇಕಾದರೆ ಬೇರೆಯವರಿಂದ ಮತ್ತೆ ಆರಂಭಿಸಿ. ಆ ದಿನ ಆಗಲಿಲ್ಲವೆಂದರೆ ಸ್ನಾನ ನಾಳೆಗೆ ಹೋಗಲಿ. ಮಲ ಮೂತ್ರ ಅಂಟಿದ ಮೈಯನ್ನು ಶುಚಿಮಾಡುವುದು, ಔಷಧ, ನೀರು ಈ ಮೂರನ್ನು ಮುಂದೂಡಲಾಗದು, ಉಳಿದದ್ದೆಲ್ಲ ಕಾಯಬಲ್ಲದು.

ಹಾಳೆಯನ್ನು ಬರೆದು ಗೋಡೆಗೆ ಹಚ್ಚುವುದು

ಒಂದು ದೊಡ್ಡ ಹಾಳೆಯಲ್ಲಿ ಹೊತ್ತು, ಕೆಲಸ, ಮಾಡುವವರು, ಹೇಗೆ ಎಂಬ ನಾಲ್ಕು ಕಾಲಂಗಳನ್ನು ಎಳೆಯಿರಿ. "ಹೇಗೆ" ಎಂಬಲ್ಲಿ ವಿವರ ಇರಬೇಕು. "ಬೆಳಿಗ್ಗೆ 8, ಸ್ನಾನ, ದೊಡ್ಡ ಮಗ" ಎಂದಷ್ಟೇ ಬರೆದರೆ, ದೊಡ್ಡ ಮಗ ಊರಿಗೆ ಹೋದ ದಿನ ಚಿಕ್ಕಮಗನಿಗೆ ಏನೂ ತಿಳಿಯದು. "ಮೊದಲು ಚಹಾ ಕೊಡುವುದು, ಕಾಲು ತೊಳೆಯುವ ನೆಪದಿಂದ ಕರೆಯುವುದು, ಎಡ ಭುಜ ನೋಯುತ್ತದೆ, ಎತ್ತಬಾರದು, ತಂಬಿಗೆ ಕೈಗೆ ಕೊಟ್ಟರೆ ತಾವೇ ಹಾಕಿಕೊಳ್ಳುತ್ತಾರೆ" ಎಂದು ಬರೆದಿದ್ದರೆ ಯಾರು ಬಂದರೂ ಅದೇ ರೀತಿಯಲ್ಲಿ ನಡೆಯುತ್ತದೆ. ಔಷಧಗಳ ವೇಳೆ ಮತ್ತು ಕೊನೆಯ ಬಾರಿ ಮಲವಿಸರ್ಜನೆ ಆದ ದಿನವನ್ನೂ ಸೇರಿಸಿ.

ಹಾಳೆಯಲ್ಲಿ ಆರೈಕೆ ಮಾಡುವವರ ಬಿಡುವಿಗೂ ಒಂದು ಸಾಲು ಬೇಕು. ದಿನಕ್ಕೆ ಒಂದೆರಡು ಗಂಟೆ, ವಾರಕ್ಕೆ ಅರ್ಧ ದಿನ ಬೇರೆಯವರು ನಿಲ್ಲುತ್ತಾರೆಂದು ಹೆಸರಿನ ಸಮೇತ ಬರೆದಿರಲಿ. ಬರೆಯದ ಬಿಡುವು ಸೊಸೆಗೆ ಸಿಗುವುದಿಲ್ಲ. ದೂರದ ಊರಿನಲ್ಲಿರುವ ಮಕ್ಕಳು ಡೈಪರ್, ಔಷಧದ ಖರ್ಚನ್ನು ಹೊತ್ತು, ರಜೆಯಲ್ಲಿ ಬಂದು ಸರದಿ ವಹಿಸಿಕೊಳ್ಳಬೇಕು. ಮನಸ್ಸು ತೀರಾ ಕುಗ್ಗಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರಿಗೆ ಸಂಬಂಧಿಸಿದ ಮಾಹಿತಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ಕಾಯಿಲೆ ಮುಂದುವರಿಯುವುದರಿಂದ ಹಾಳೆಯನ್ನು ಮೂರು ತಿಂಗಳಿಗೊಮ್ಮೆ, ಹಾಗೆಯೇ ಪ್ರತಿ ಬಾರಿ ಬಿದ್ದಾಗ, ಆಸ್ಪತ್ರೆಯಿಂದ ಮನೆಗೆ ಬಂದಾಗ, ಔಷಧ ಬದಲಾದಾಗ ಎಲ್ಲರೂ ಕೂತು ತಿದ್ದಿ ಬರೆಯಿರಿ. ಹಳೆಯ ಹಾಳೆಗಳನ್ನು ಹರಿಯದೆ ದಿನಾಂಕ ಹಾಕಿ ಇಟ್ಟುಕೊಂಡು, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ತೆಗೆದುಕೊಂಡು ಹೋಗಿ. ಯಾವ ಕೆಲಸ ಯಾವ ತಿಂಗಳಿನಿಂದ ಆಗದಾಯಿತೆಂಬುದನ್ನು ಅವರು ಕೇಳುವ ಮೊದಲ ಪ್ರಶ್ನೆಗಳಲ್ಲೇ ಕೇಳುತ್ತಾರೆ.